ತುರ್ತು ಕೀಲಿಕೈ ಯಾರ ಕೈಯಲ್ಲಿರಬೇಕು?

ಕಟ್ಟಡದ ಭದ್ರತೆಯ ಮಾತು ಬಂದಾಗಲೆಲ್ಲ ಕ್ಯಾಮೆರಾ ಎಷ್ಟು ಹಾಕಿಸಬೇಕು, ಗೇಟಿನಲ್ಲಿ ಯಾರನ್ನು ತಡೆಯಬೇಕು, ಬಂದವರ ಹೆಸರನ್ನು ಪುಸ್ತಕದಲ್ಲಿ ಬರೆಸಬೇಕೋ ಆ್ಯಪ್‌ನಲ್ಲಿ ದಾಖಲಿಸಬೇಕೋ ಎಂಬ ಚರ್ಚೆಯೇ ಗಂಟೆಗಟ್ಟಲೆ ನಡೆಯುತ್ತದೆ. ನಡುರಾತ್ರಿ ವಿದ್ಯುತ್ ಫಲಕದ ಕೋಣೆಯಿಂದ ಹೊಗೆ ಬಂದರೆ ಆ ಕೋಣೆಯ ಕೀಲಿಕೈ ಎಲ್ಲಿದೆ, ಅದನ್ನು ತರುವವರು ಯಾರು, ತರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದರೆ ಮಾತ್ರ ಅದೇ ಸಭೆ ಒಬ್ಬರ ಮುಖ ಒಬ್ಬರು ನೋಡತೊಡಗುತ್ತದೆ. ಕೊನೆಗೆ ಯಾರೋ ಒಬ್ಬರು ‘ಅದು ಮ್ಯಾನೇಜರ್ ಹತ್ತಿರ ಇರುತ್ತದೆ’ ಎನ್ನುತ್ತಾರೆ. ಮ್ಯಾನೇಜರ್ ಸಂಜೆಯೇ ಮನೆಗೆ ಹೋಗಿರುತ್ತಾರೆ ಎಂಬುದು ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು.

ಈ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಪಂಗಡಗಳಿರುತ್ತವೆ. ಕೀಲಿಕೈ ಹೆಚ್ಚು ಜನರ ಕೈಗೆ ಸಿಕ್ಕಷ್ಟೂ ಕಳ್ಳತನದ ಭಯ ಹೆಚ್ಚು, ಆದ್ದರಿಂದ ಅದು ಒಬ್ಬರ ಬಳಿಯೇ ಭದ್ರವಾಗಿರಲಿ ಎನ್ನುವವರು ಒಂದು ಕಡೆ. ಜೀವಕ್ಕಿಂತ ದೊಡ್ಡದು ಯಾವುದೂ ಇಲ್ಲ, ಕಾವಲುಗಾರನ ಕೋಣೆಯ ಮೊಳೆಗೆ ಎಲ್ಲವನ್ನೂ ತೂಗುಹಾಕಿಬಿಡಿ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಕೀಲಿಕೈಯನ್ನು ಸಿಗುವಂತೆ ಇಡುವುದಕ್ಕೂ ಅದನ್ನು ಭದ್ರವಾಗಿಡುವುದಕ್ಕೂ ಹುಟ್ಟಾ ವೈರವಿದೆ ಎಂದು ಭಾವಿಸಿಕೊಂಡೇ ವಾದಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ತುರ್ತು ಕೀಲಿಕೈಯನ್ನು ತೆಗೆಯುವುದು ಸುಲಭವಾಗಿಯೇ ಇರಬೇಕು, ಆದರೆ ಅದನ್ನು ಯಾರಿಗೂ ತಿಳಿಯದಂತೆ ತೆಗೆಯುವುದು ಅಸಾಧ್ಯವಾಗಿರಬೇಕು. ಭದ್ರತೆಯ ಭಾರವನ್ನು ಬಚ್ಚಿಡುವಿಕೆಯ ಮೇಲೆ ಹೊರಿಸದೆ ಬಯಲಾಗುವಿಕೆಯ ಮೇಲೆ ಹೊರಿಸಿದರೆ ಈ ಜಗಳದ ಬಹುಪಾಲು ತಾನಾಗಿಯೇ ಬಗೆಹರಿಯುತ್ತದೆ.

ಮೊದಲು ಒಂದು ಗೊಂದಲವನ್ನು ಬದಿಗಿಡಬೇಕು. ಒಳಗಿದ್ದವರು ಹೊರಗೆ ಬರುವುದು ಬೇರೆ, ಹೊರಗಿನವರು ನೆರವಿಗಾಗಿ ಒಳಗೆ ಹೋಗುವುದು ಬೇರೆ. ಹೊರಬರುವ ದಾರಿಗೆ ಕೀಲಿಕೈಯ ಪ್ರಶ್ನೆಯೇ ಏಳಬಾರದು, ಮತ್ತು ಇದು ಇತ್ಯರ್ಥವಾಗಿ ನೂರು ವರ್ಷಗಳ ಮೇಲಾಯಿತು. 1903ರ ಡಿಸೆಂಬರ್ 30ರಂದು ಷಿಕಾಗೋದ ಇರೊಕ್ವಾ ರಂಗಮಂದಿರದಲ್ಲಿ ಬೆಂಕಿ ಬಿದ್ದಾಗ 600ಕ್ಕೂ ಹೆಚ್ಚು ಜನ ಸತ್ತರು. ಕೆಲವು ಬಾಗಿಲುಗಳಿಗೆ ಬೀಗವಿತ್ತು, ಕೆಲವಕ್ಕೆ ಪ್ರೇಕ್ಷಕರಿಗೆ ತೆಗೆಯಲು ಬಾರದಂಥ ಚಿಲಕವಿತ್ತು. ಆ ದುರಂತದ ನಂತರ ಅಮೆರಿಕದಲ್ಲಿ 1908ರಲ್ಲಿ ವಾನ್ ಡುಪ್ರಿನ್ ಎಂಬ ಹೆಸರಿನಲ್ಲಿ ಒಂದು ಸಾಧನ ಮಾರುಕಟ್ಟೆಗೆ ಬಂತು: ಬಾಗಿಲು ಹೊರಗಿನವರ ಪಾಲಿಗೆ ಬೀಗ ಹಾಕಿದ್ದೇ, ಒಳಗಿನವರು ಮಾತ್ರ ಅಡ್ಡಪಟ್ಟಿಯನ್ನು ಒತ್ತಿದರೆ ಸಾಕು ತೆರೆದುಕೊಳ್ಳುತ್ತದೆ. ಇಂದಿನ ಚಿತ್ರಮಂದಿರ, ಮಾಲ್‌ಗಳ ತುರ್ತು ಬಾಗಿಲುಗಳ ಮೇಲಿರುವ ಪ್ಯಾನಿಕ್ ಬಾರ್ ಇದೇ. ಇಷ್ಟಾಗಿಯೂ 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ 146 ಕಾರ್ಮಿಕರು ಸತ್ತರು. ಮೆಟ್ಟಿಲಿನ ಒಂದು ಬಾಗಿಲಿಗೆ ಬೀಗವಿತ್ತು, ಬೀಗಕ್ಕೆ ಕಾರಣ ಕಾರ್ಮಿಕರು ಬಟ್ಟೆ ಕದ್ದೊಯ್ದಾರೆಂಬ ಅನುಮಾನ. ಒತ್ತಿದರೆ ತೆರೆಯುವ ಆ ಪಟ್ಟಿ ಮಾರುಕಟ್ಟೆಗೆ ಬಂದು ಆಗಲೇ ಮೂರು ವರ್ಷವಾಗಿತ್ತು. ಬಾಗಿಲಿಗೆ ಬೀಗವಿದ್ದದ್ದು ಮಾಲೀಕರಿಗೆ ಗೊತ್ತಿತ್ತೆಂದು ಸಾಬೀತಾಗಲಿಲ್ಲವೆಂಬ ಕಾರಣಕ್ಕೆ ಅವರು ಖುಲಾಸೆಯಾದರು. ಕೀಲಿಕೈಯ ಹೊಣೆ ಯಾರದೆಂದು ಬರೆದಿಡದ ಕಡೆ ಕೊನೆಗೆ ಯಾರೂ ಹೊಣೆಗಾರರಾಗುವುದಿಲ್ಲ.

ಒಳಗೆ ಹೋಗುವ ಪ್ರಶ್ನೆಯೇ ನಿಜವಾಗಿ ಕಠಿಣವಾದದ್ದು. ಹೃದಯ ಸ್ತಂಭನವಾದವರಿಗೆ ಎದೆ ಒತ್ತುವ ಚಿಕಿತ್ಸೆಯೂ ವಿದ್ಯುದಾಘಾತ ನೀಡುವ ಸಾಧನವೂ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಆಂಬುಲೆನ್ಸ್ ಬೇಗ ಬಂದು, ಬೀದಿಬಾಗಿಲಿನಲ್ಲಿ ಐದು ನಿಮಿಷ ಕೀಲಿಕೈಗಾಗಿ ಕಾದರೆ ಉಳಿಯುವುದೇನು ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ‘ಅಗ್ನಿಶಾಮಕ ದಳದವರು ಬಾಗಿಲು ಒಡೆದುಕೊಂಡು ಹೋಗುತ್ತಾರೆ ಬಿಡಿ’ ಎನ್ನುವುದು ಸುಲಭದ ಉತ್ತರ. ಒಡೆಯುವುದಕ್ಕೂ ಹೊತ್ತು ಬೇಕು, ಬಲವಾದ ಉಕ್ಕಿನ ಬಾಗಿಲಾದರೆ ಇನ್ನಷ್ಟು ಹೊತ್ತು ಬೇಕು. ಎಷ್ಟೋ ಸಲ ಎಚ್ಚರಿಕೆ ಗಂಟೆ ಸುಮ್ಮನೆ ಹೊಡೆದುಕೊಂಡಿರುತ್ತದೆ, ಒಳಗೆ ಏನೂ ಆಗಿರುವುದಿಲ್ಲ, ಆದರೆ ಒಡೆದ ಬಾಗಿಲು ಮಾತ್ರ ಬಡಗಿ ಬರುವವರೆಗೂ ಹಾಗೆಯೇ ತೆರೆದಿರುತ್ತದೆ. ಕೀಲಿಕೈಯನ್ನು ಭದ್ರವಾಗಿಟ್ಟ ಕಟ್ಟಡವೇ ಆ ರಾತ್ರಿ ಎಲ್ಲಕ್ಕಿಂತ ಅಭದ್ರವಾಗಿರುತ್ತದೆ.

ಹಾಗಾದರೆ ನೆರವಿಗೆ ಬರುವವರ ಕೈಗೇ ಕೀಲಿಕೈ ಕೊಟ್ಟುಬಿಟ್ಟರೆ? ಅಮೆರಿಕದಲ್ಲಿ ನಾಕ್ಸ್ ಬಾಕ್ಸ್ ಎಂಬ ಗಟ್ಟಿಮುಟ್ಟಾದ ಉಕ್ಕಿನ ಪೆಟ್ಟಿಗೆಯನ್ನು ಕಟ್ಟಡದ ಮುಂಬಾಗಿಲ ಬಳಿ ಗೋಡೆಗೆ ಕೂಡಿಸುವ ಪದ್ಧತಿ ದಶಕಗಳಿಂದ ಇದೆ. ಕಟ್ಟಡದ ಕೀಲಿಕೈಗಳು ಆ ಪೆಟ್ಟಿಗೆಯೊಳಗಿರುತ್ತವೆ, ಪೆಟ್ಟಿಗೆಯನ್ನು ತೆರೆಯುವ ಕೀಲಿಕೈ ಸ್ಥಳೀಯ ಅಗ್ನಿಶಾಮಕ ದಳದ ಬಳಿ ಮಾತ್ರ ಇರುತ್ತದೆ. ವ್ಯವಸ್ಥೆ ಒಳ್ಳೆಯದೇ. ಆದರೆ ಒಂದು ಕೀಲಿಕೈ ನೂರಾರು ಕಟ್ಟಡಗಳ ಪೆಟ್ಟಿಗೆಯನ್ನು ತೆರೆಯುವುದಾದರೆ, ಆ ಒಂದು ಕಳೆದರೆ ನೂರಾರು ಕಟ್ಟಡಗಳ ಬಾಗಿಲು ತೆರೆದಂತೆ. ಈ ಕಾರಣಕ್ಕೇ ಅಗ್ನಿಶಾಮಕ ವಾಹನದೊಳಗೆ ಆ ಕೀಲಿಕೈಯನ್ನು ಇನ್ನೊಂದು ಎಲೆಕ್ಟ್ರಾನಿಕ್ ಹಿಡಿಕೆಯಲ್ಲಿ ಬಂಧಿಸಿಟ್ಟು, ಸಿಬ್ಬಂದಿ ತಮ್ಮ ಸಂಕೇತ ಸಂಖ್ಯೆ ಒತ್ತಿದಾಗ ಮಾತ್ರ ಬಿಡುಗಡೆ ಮಾಡಿ, ಯಾರು ಯಾವಾಗ ತೆಗೆದರೆಂಬುದನ್ನು ದಾಖಲಿಸುವ ವ್ಯವಸ್ಥೆ ಬಂತು.

ಎಲ್ಲೆಡೆಗೂ ಸಲ್ಲುವ ಒಂದೇ ಕೀಲಿಕೈಯನ್ನು ಗುಟ್ಟಾಗಿಡಬಹುದೆಂಬ ನಂಬಿಕೆ ಎಷ್ಟು ದುರ್ಬಲವೆಂದು 2012ರಲ್ಲಿ ನ್ಯೂಯಾರ್ಕ್ ನೋಡಿತು. ನಿವೃತ್ತ ಬೀಗದ ಕೆಲಸಗಾರನೊಬ್ಬ ಲಿಫ್ಟುಗಳನ್ನು ಅಗ್ನಿಶಾಮಕ ನಿಯಂತ್ರಣಕ್ಕೆ ತರುವ ಕೀಲಿಕೈಯೂ ಸೇರಿದಂತೆ ಒಂದು ಗೊಂಚಲನ್ನೇ ಇಬೇ ಎಂಬ ಮಾರಾಟದ ಜಾಲತಾಣದಲ್ಲಿ 150 ಡಾಲರಿಗೆ ಮಾರಾಟಕ್ಕಿಟ್ಟಿದ್ದ. ಕೊಂಡವರು ಪತ್ರಕರ್ತರಾಗಿದ್ದರಿಂದ ಸುದ್ದಿ ಹೊರಬಂತು. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸೂಟ್‌ಕೇಸ್ ತೆರೆಯುವ ಮಾಸ್ಟರ್ ಕೀಗಳ ಚಿತ್ರ 2014ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾಯಿತು, ಮರುವರ್ಷವೇ ಅವನ್ನು ತ್ರೀಡಿ ಪ್ರಿಂಟರಿನಲ್ಲಿ ಮುದ್ರಿಸಿಕೊಳ್ಳುವ ಕಡತಗಳು ಅಂತರ್ಜಾಲದಲ್ಲಿ ಸಿಗತೊಡಗಿದವು. ಇನ್ನು ನಮ್ಮ ಕಟ್ಟಡದೊಳಗಿನ ಮಾಸ್ಟರ್ ಕೀ ಮಾತಿಗೆ ಬಂದರೆ, ಮ್ಯಾಟ್ ಬ್ಲೇಜ್ ಎಂಬ ಸಂಶೋಧಕರು 2003ರಲ್ಲೇ ತೋರಿಸಿಕೊಟ್ಟಿದ್ದಾರೆ: ಸಾಮಾನ್ಯ ಮಾಸ್ಟರ್ ಕೀ ವ್ಯವಸ್ಥೆಯಲ್ಲಿ ಒಂದು ಕೋಣೆಯ ಕೀಲಿಕೈ, ಅದರ ಬೀಗ, ಕೆಲವು ಕೊರೆಯದ ಖಾಲಿ ಕೀಗಳು ಇಷ್ಟಿದ್ದರೆ, ಬೀಗ ಬಿಚ್ಚದೆಯೇ ಇಡೀ ಕಟ್ಟಡದ ಮಾಸ್ಟರ್ ಕೀಯ ಆಕಾರವನ್ನು ಕಂಡುಹಿಡಿಯಬಹುದು. ‘ನಮ್ಮ ಮಾಸ್ಟರ್ ಕೀ ತಿಜೋರಿಯಲ್ಲಿದೆ’ ಎಂದು ನಿಶ್ಚಿಂತರಾಗಿರುವವರು ಇದನ್ನೊಮ್ಮೆ ಯೋಚಿಸಬೇಕು. ಕೀಲಿಕೈಯ ಮೇಲೆ ‘ನಕಲು ಮಾಡಬಾರದು’ ಎಂದು ಕೆತ್ತಿಸಿದ ಮಾತ್ರಕ್ಕೆ ಯಂತ್ರ ನಕಲು ಮಾಡದೆ ಇರುವುದಿಲ್ಲ. ಖಾಲಿ ಕೀಗಳು ಅಧಿಕೃತ ಕಾರ್ಡ್ ತೋರಿಸಿದವರಿಗಷ್ಟೇ ಸಿಗುವಂಥ ಪೇಟೆಂಟ್ ಪಡೆದ ಬೀಗಗಳಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ, ಅಷ್ಟೆ.

ನಾನು ಕಂಡಂತೆ ಈ ತೊಡಕನ್ನು ಎಲ್ಲರಿಗಿಂತ ಚೆನ್ನಾಗಿ ಬಿಡಿಸಿದವರು ಜರ್ಮನರು. ಅಲ್ಲಿ ಅಗ್ನಿಶಾಮಕ ಕೀಲಿಕೈ ಪೆಟ್ಟಿಗೆಗೆ ಎರಡು ಬಾಗಿಲು. ಹೊರಬಾಗಿಲು ಕಟ್ಟಡದ ಬೆಂಕಿ ಎಚ್ಚರಿಕೆ ವ್ಯವಸ್ಥೆಗೆ ಜೋಡಣೆಯಾಗಿರುತ್ತದೆ ಮತ್ತು ಆ ವ್ಯವಸ್ಥೆ ಎಚ್ಚರಿಕೆ ಕೊಟ್ಟಾಗ ಮಾತ್ರ ಸಡಿಲಗೊಳ್ಳುತ್ತದೆ. ಒಳಬಾಗಿಲನ್ನು ಅಗ್ನಿಶಾಮಕ ದಳ ತನ್ನ ಕೀಲಿಕೈಯಿಂದ ತೆರೆಯುತ್ತದೆ. ಹೊರಬಾಗಿಲನ್ನು ಕೊರೆಯಲು ಹೊರಟರೆ ಎಚ್ಚರಿಕೆಯ ಸಂದೇಶ ಹೋಗುತ್ತದೆ, ಒಳಗಿನ ಕೀಲಿಕೈ ಅದರ ಜಾಗದಲ್ಲಿದೆಯೋ ಇಲ್ಲವೋ ಎಂಬುದರ ಮೇಲೂ ಕಣ್ಣಿರುತ್ತದೆ. ಇದರ ಜಾಣ್ಮೆ ಗಮನಿಸಿ: ದಳದ ಕೀಲಿಕೈ ಕಳ್ಳನ ಕೈಗೆ ಸಿಕ್ಕರೂ, ಬೆಂಕಿಯ ಎಚ್ಚರಿಕೆ ಮೊಳಗದೆ ಅವನಿಗೆ ಪ್ರಯೋಜನವಿಲ್ಲ, ಎಚ್ಚರಿಕೆಯನ್ನು ಮೊಳಗಿಸಿದನೋ, ಕಳ್ಳತನ ಕದ್ದು ಮಾಡುವಂತಿಲ್ಲ.

ಇಂಥ ಪೆಟ್ಟಿಗೆಗೆ ಹಣವೂ ಬೇಕು, ಸರ್ಕಾರಿ ದಳದ ಸಹಕಾರವೂ ಬೇಕು. ಆದರೆ ಇದರ ತತ್ವಕ್ಕೆ ಹಣ ಬೇಕಿಲ್ಲ. ಸಾಮಾನ್ಯ ಕಟ್ಟಡದಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಯಾರಾದರೂ ಇರುವ ಜಾಗದಲ್ಲಿ, ಕ್ಯಾಮೆರಾದ ಕಣ್ಣೆದುರು ಒಂದು ಗೋಡೆಪೆಟ್ಟಿಗೆ. ಅದಕ್ಕೆ ಬೀಗದ ಬದಲು ಕಿತ್ತರೆ ಮತ್ತೆ ಕೂಡದಂಥ, ಸಂಖ್ಯೆ ಅಚ್ಚಾದ ಪ್ಲಾಸ್ಟಿಕ್ ಸೀಲ್. ವಿದ್ಯುತ್ ಮೀಟರುಗಳಿಗೆ ಹಾಕುತ್ತಾರಲ್ಲ, ಅಂಥದ್ದು. ಬೇಕಾದವರು ಒಂದು ಎಳೆತಕ್ಕೆ ತೆಗೆಯಬಹುದು, ಆದರೆ ತೆಗೆದದ್ದು ಎಲ್ಲರಿಗೂ ಕಾಣುತ್ತದೆ. ಪಾಳಿ ಬದಲಾಗುವಾಗ ಹೋಗುವವರೂ ಬರುವವರೂ ಸೀಲಿನ ಸಂಖ್ಯೆಯನ್ನು ಓದಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದರೆ, ಅದು ಯಾರ ಪಾಳಿಯಲ್ಲಿ ಮುರಿಯಿತೆಂಬುದು ಆ ದಿನವೇ ತಿಳಿಯುತ್ತದೆ. ಬಿಡಿ ಸೀಲುಗಳ ಕಟ್ಟು ಮಾತ್ರ ಕಾವಲುಗಾರರ ಬಳಿ ಇರಕೂಡದು, ಇದ್ದರೆ ಸಂಖ್ಯೆಗೇನೂ ಅರ್ಥವಿಲ್ಲ. ಕೀಲಿಕೈ ತೆಗೆಯಲು ಇಬ್ಬರ ಅನುಮತಿ ಬೇಕು, ಕಾರ್ಯದರ್ಶಿಗೆ ಫೋನ್ ಮಾಡಿಯೇ ತೆಗೆಯಬೇಕು ಎಂಬ ನಿಯಮಗಳನ್ನು ನಾನು ಒಪ್ಪುವುದಿಲ್ಲ. ಕಾರ್ಯದರ್ಶಿಯ ಫೋನ್ ಆಫ್ ಆಗಿರುವ ರಾತ್ರಿಯೇ ಬೆಂಕಿ ಬೀಳಬಹುದು. ತೆಗೆಯುವ ಮೊದಲು ಯಾರನ್ನೂ ಕೇಳಬೇಕಿಲ್ಲ, ತೆಗೆದ ಮೇಲೆ ಎಲ್ಲರಿಗೂ ಉತ್ತರ ಹೇಳಬೇಕು.

ಪೆಟ್ಟಿಗೆ ತೆರೆದ ಮೇಲೆ ಹೆಸರಿಲ್ಲದ ನಲವತ್ತು ಕೀಲಿಕೈಗಳ ಗೊಂಚಲು ಸಿಕ್ಕರೆ ಅದು ಬೀಗ ಹಾಕಿದ್ದಕ್ಕಿಂತ ಕಡೆ. ಒಂದೊಂದಕ್ಕೂ ಬಿಲ್ಲೆ ಕಟ್ಟಬೇಕು, ಬಿಲ್ಲೆಯ ಮೇಲೆ ಕಟ್ಟಡದ ಹೆಸರಾಗಲಿ ಮನೆಯ ಸಂಖ್ಯೆಯಾಗಲಿ ಇರಬಾರದು. ಬೀದಿಯಲ್ಲಿ ಬಿದ್ದರೆ ಸಿಕ್ಕವರಿಗೆ ಅದು ಎಲ್ಲಿಯದೆಂದು ಗೊತ್ತಾಗಬಾರದಷ್ಟೆ. ಜೀವರಕ್ಷಣೆಗೆ ಬೇಕಾದ ಪಂಪ್ ಕೋಣೆ, ವಿದ್ಯುತ್ ಕೋಣೆ, ಜನರೇಟರ್, ತಾರಸಿ, ಮುಖ್ಯ ನೀರಿನ ಕವಾಟ ಇವುಗಳ ಕೀಲಿಕೈಗಳಿಗೆ ಕತ್ತಲಲ್ಲೂ ಕೈಗೆ ಬೇರೆಯಾಗಿ ತಿಳಿಯುವ ದೊಡ್ಡ ಬಿಲ್ಲೆಗಳಿರಲಿ. ಕೀಲಿಕೈಯ ಜೊತೆಗೆ ಒಂದು ನಕ್ಷೆಯೂ ಇರಲಿ, ಹೊರಗಿನಿಂದ ಬಂದ ಅಗ್ನಿಶಾಮಕ ಸಿಬ್ಬಂದಿಗೆ ನಿಮ್ಮ ಪಂಪ್ ಕೋಣೆ ನೆಲಮಾಳಿಗೆಯ ಯಾವ ಮೂಲೆಯಲ್ಲಿದೆಯೆಂದು ಹೇಗೆ ತಿಳಿಯಬೇಕು?

ಸುಲಭವಾಗಿ ಸಿಗಬಾರದ ಕೀಲಿಕೈ ಒಂದಿದೆ, ಅದು ಲಿಫ್ಟಿನ ಹೊರಬಾಗಿಲನ್ನು ಬಲವಂತವಾಗಿ ತೆರೆಯುವಂಥದ್ದು. ಒಳಗೆ ಸಿಕ್ಕಿಕೊಂಡವರನ್ನು ಬಿಡಿಸುವ ಅವಸರದಲ್ಲಿ ಬಾಗಿಲು ತೆರೆದು, ಲಿಫ್ಟು ಅಲ್ಲಿಲ್ಲದಿರುವುದನ್ನು ಗಮನಿಸದೆ ಗುಂಡಿಗೆ ಬೀಳುವ ಅಪಾಯ ನಿಜವಾದದ್ದು. ತರಬೇತಿ ಪಡೆದವರ ಕೈಗೆ ಮಾತ್ರ ಅದು ಹೋಗಬೇಕು. ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಕಾಯಲು ಸಾಮಾನ್ಯವಾಗಿ ಹೊತ್ತಿರುತ್ತದೆ.

ನಿವಾಸಿಗಳ ಸ್ವಂತ ಮನೆಗಳ ಕೀಲಿಕೈಗಳ ವಿಷಯದಲ್ಲಿ ನಾನು ಸಂಘಗಳ ಪರವಾಗಿಲ್ಲ. ಎಲ್ಲ ಮನೆಗಳ ಒಂದೊಂದು ಕೀಲಿಕೈಯನ್ನು ಕಚೇರಿಯಲ್ಲಿ ಕಡ್ಡಾಯವಾಗಿ ಇಡಬೇಕೆನ್ನುವುದು ಕಳ್ಳನಿಗೆ ಕೆಲಸ ಉಳಿಸಿಕೊಡುವ ಯೋಜನೆ. ಇಷ್ಟವಿದ್ದವರು, ಅದರಲ್ಲೂ ಒಂಟಿಯಾಗಿರುವ ಹಿರಿಯರು, ತಾವೇ ಆರಿಸಿಕೊಂಡ ನೆರೆಯವರ ಬಳಿ ಇಟ್ಟು, ಯಾರ ಬಳಿ ಇದೆಯೆಂಬುದನ್ನಷ್ಟೇ ಸಂಘಕ್ಕೆ ತಿಳಿಸಲಿ. ಆದರೆ ನೆರೆಯವರ ಬಳಿಯ ಕೀಲಿಕೈ ನಿಜವಾಗಿ ಬಾಗಿಲು ತೆರೆಯುತ್ತದೆಯೇ? ರಾತ್ರಿ ಒಳಗಿನಿಂದ ಅಗುಳಿ ಹಾಕಿ ಮಲಗುವ ಅಭ್ಯಾಸವಿದ್ದರೆ ಹೊರಗಿನ ಕೀಲಿಕೈ ಬರೀ ಲೋಹದ ತುಂಡು. ಒಳಬದಿಯ ರಂಧ್ರದಲ್ಲೇ ಕೀಲಿಕೈ ಬಿಟ್ಟಿದ್ದರೆ ಎಷ್ಟೋ ಸಿಲಿಂಡರ್ ಬೀಗಗಳು (ಕೀಲಿಕೈ ತೂರಿಸುವ ಭಾಗವನ್ನಷ್ಟೇ ಬಿಚ್ಚಿ ಬದಲಿಸಬಹುದಾದಂಥವು) ಹೊರಗಿನಿಂದ ಇನ್ನೊಂದನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಹಾಗಿದ್ದಾಗಲೂ ತೆರೆಯುವ ಸಿಲಿಂಡರುಗಳು ಸಿಗುತ್ತವೆ, ಹಿರಿಯರಿರುವ ಮನೆಗೆ ಮೊದಲು ಹಾಕಿಸಬೇಕಾದದ್ದು ಅವನ್ನು.

ಎಲೆಕ್ಟ್ರಾನಿಕ್ ಬೀಗ ಹಾಕಿಸಿದ ಮೇಲೆ ಕೀಲಿಕೈಯ ಚಿಂತೆಯೇ ಇಲ್ಲ ಎನ್ನುವವರನ್ನು ಒಂದೇ ಪ್ರಶ್ನೆ ಕೇಳಿ: ಕರೆಂಟು ಹೋದರೆ ನಿಮ್ಮ ಬಾಗಿಲು ತೆರೆದುಕೊಳ್ಳುತ್ತದೆಯೋ, ಮುಚ್ಚಿಯೇ ಇರುತ್ತದೆಯೋ? ಎರಡು ಬಗೆಯವೂ ಇವೆ, ಯಾವುದನ್ನು ಹಾಕಿಸಿದ್ದೇವೆಂಬುದು ಹಾಕಿಸಿದವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಮುಚ್ಚಿಯೇ ಇರುವಂಥದ್ದಾದರೆ ಹೊರಗಿನಿಂದ ತೆರೆಯಲು ಲೋಹದ ಕೀಲಿಕೈ ಇರಲೇಬೇಕು, ಅಂದರೆ ನಾವು ಹೊರಟಲ್ಲಿಗೇ ಮರಳಿದೆವು.

ಕೊನೆಯದಾಗಿ ದಂಡದ ವಿಷಯ. ಕೀಲಿಕೈ ಕಳೆದವರಿಂದ ಬೀಗ ಬದಲಿಸುವ ಪೂರ್ತಿ ಖರ್ಚನ್ನು ವಸೂಲಿ ಮಾಡಬೇಕು ಎಂಬ ನಿಯಮ ನ್ಯಾಯವಾಗಿ ಕಾಣುತ್ತದೆ, ಅದನ್ನು ಉತ್ಸಾಹದಿಂದ ಪಾಸು ಮಾಡುವವರೂ ಇದ್ದಾರೆ. ಆದರೆ ಕಡಿಮೆ ಸಂಬಳದ ಕಾವಲುಗಾರನೊಬ್ಬ ಕೀಲಿಕೈ ಕಳೆದುಕೊಂಡು, ತಿಂಗಳ ಸಂಬಳದಲ್ಲಿ ಕಡಿತವಾಗುತ್ತದೆಂದು ಗೊತ್ತಿದ್ದೂ ಬಂದು ಹೇಳುತ್ತಾನೆಂದು ನಿರೀಕ್ಷಿಸುವುದು ಹೇಗೆ? ಅವನು ಸದ್ದಿಲ್ಲದೆ ಒಂದು ನಕಲು ಮಾಡಿಸಿ ಮೊಳೆಗೆ ಹಾಕುತ್ತಾನೆ, ಕಳೆದದ್ದು ಯಾರ ಕೈಯಲ್ಲಿದೆಯೆಂಬುದು ನಮಗೆ ಎಂದೂ ತಿಳಿಯುವುದಿಲ್ಲ. ಕಳೆದದ್ದನ್ನು ಆ ದಿನವೇ ಹೇಳಿದವರಿಗೆ ದಂಡವಿಲ್ಲ, ಮುಚ್ಚಿಟ್ಟದ್ದು ಗೊತ್ತಾದರೆ ಮಾತ್ರ ಕ್ರಮ ಎಂದು ನಿಯಮವನ್ನು ತಿದ್ದಿ, ಮುಖ್ಯ ಬಾಗಿಲುಗಳಿಗೆ ಒಂದೊಂದು ಬದಲಿ ಸಿಲಿಂಡರನ್ನು ಮೊದಲೇ ತಂದಿಟ್ಟುಕೊಂಡರೆ, ಕೀಲಿಕೈ ಕಳೆದ ಸಂಜೆಯೇ ಬೀಗ ಬದಲಾಗುತ್ತದೆ. ಆ ಸಿಲಿಂಡರುಗಳ ಖರ್ಚನ್ನು ಸಂಘವೇ ಭರಿಸಲಿ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಕ್ಯಾಮೆರಾಗಳಿಗಿಂತ ಮೇಲೆ ಅದಕ್ಕೊಂದು ಸಾಲು ಇರಲಿ.