ಟಪಕ್ ಅಂದ್ರೆ ಅವ್ವ ಹಾಜರ್

ನಿನ್ನೆ ಒಂದೇ ದಿನ 214 ಫೋಟೊ ತೆಗೆದೆ. 31ರಲ್ಲಿ ಅವ್ವನ ಕೈ ಬಂದಿದೆ. 9ರಲ್ಲಿ ಅವ್ವನ ತಂಬಿಗೆ ಬಂದಿದೆ. ಒಂದರಲ್ಲಿ ಅವ್ವನೇ ಬಂದಿದ್ದಾಳೆ, ಅದೂ ತಲೆಕೆಳಗಾಗಿ. ಉಳಿದವುಗಳಲ್ಲಿ ಬರೀ ನೀರು. ನಾನು ತೆಗೆಯಲು ಕೂತಿದ್ದು ನೀರಿನ ಹನಿಯ ಫೋಟೊ.

ಇದಕ್ಕೆ ದೊಡ್ಡ ಸಾಮಾನೇನೂ ಬೇಡ. ನನ್ನ ಹತ್ತಿರ ಇರುವುದು ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಒಂದು ಫ್ಲ್ಯಾಶು, ಒಂದು ಕಾಲು ಸಡಿಲಾದ ಸ್ಟ್ಯಾಂಡು. ಟೇಬಲ್ ಮೇಲೆ ರೊಟ್ಟಿ ಹಿಟ್ಟು ನಾದುವ ಪರಾತ ಇಟ್ಟು ಅಂಚಿನವರೆಗೆ ನೀರು ತುಂಬಿದೆ. ಹಿಂದೆ ಹೆಂಡತಿಯ ಕೆಂಪು ಇಳಕಲ್ ಸೀರೆ ಕಟ್ಟಿದೆ. ಕ್ಯಾಮೆರಾ ತಗ್ಗಿಸಿ ಇಟ್ಟರೆ ಸೀರೆಯ ಬಣ್ಣವೆಲ್ಲ ನೀರಿನ ಮೇಲೆ ಹರಡಿಕೊಳ್ಳುತ್ತದೆ, ಪರಾತದ ತಳ ಕಾಣುವುದೇ ಇಲ್ಲ. "ಸೀರಿ ಮ್ಯಾಲೆ ಒಂದ ಹನಿ ಬೀಳಲಿ, ಆಮ್ಯಾಲೆ ಅದ ನಿಮಗ" ಅಂತ ಹೇಳಿಯೇ ಕೊಟ್ಟಿದ್ದಳು.

ಹನಿ ಬೀಳಿಸುವುದು ಹೇಗೆ? ಪ್ಲಾಸ್ಟಿಕ್ ಚೀಲಕ್ಕೆ ಸೂಜಿ ಚುಚ್ಚಿ ನೋಡಿದೆ. ತೂತು ಹರಿದು ಟೇಬಲ್ ಕೆರೆಯಾಯಿತು. ಕೊನೆಗೆ ಮೆಡಿಕಲ್ ಶಾಪಿನಿಂದ ಸಲಾಯಿನ್ ಬಾಟ್ಲಿ, ಪೈಪು ತಂದೆ. ಪೈಪಿಗೆ ಒಂದು ಪುಟ್ಟ ಚಕ್ರ ಇರುತ್ತದಲ್ಲ, ತಿರುಗಿಸಿದರೆ ಬೇಕಾದ ಲೆಕ್ಕದಲ್ಲಿ ಹನಿ. ಬಾಟ್ಲಿಯ ತಳ ಕತ್ತರಿಸಿ, ನೀರು ಹಾಕಿ, ಕಿಟಕಿಯ ಸರಳಿಗೆ ತೂಗುಹಾಕಿದೆ.

ತಪ್ಪಾಗಿದ್ದೇ ಅಲ್ಲಿ. ಎದುರು ಮನೆಯ ಕಾಕು ಬಾಟ್ಲಿ ನೋಡಿದರು. ಅರ್ಧ ತಾಸಿನಲ್ಲಿ ಮನೆಗೆ ಎರಡು ಎಳನೀರು, ಒಂದು ಡಜನ್ ಬಾಳೆಹಣ್ಣು, ಒಂದು ಬ್ರೆಡ್ ಪ್ಯಾಕೆಟ್ ಬಂತು. ಬಾಗಿಲು ತೆಗೆದವಳು ಅವ್ವ. "ಅಯ್ಯ, ನೀವ್ಯಾಕ ಎದ್ದ ಬಂದ್ರಿ? ಮಲಕೋರಿ ಮೊದಲ" ಅಂತ ಕಾಕು ಅವಳ ಕೈಹಿಡಿದು ಒಳಗೆ ನಡೆಸಿದರು. ಸಲಾಯಿನ್ ಹಚ್ಚಿದ್ದು ಪರಾತಕ್ಕೆ ಅಂತ ತಿಳಿದ ಮೇಲೆ ಕಾಕು ನನ್ನನ್ನು ನೋಡಿದ ನೋಟ ಇದೆಯಲ್ಲ, ಸಲಾಯಿನ್ ನನಗೇ ಬೇಕು ಅನ್ನುವ ಹಾಗಿತ್ತು.

ಅದೆಲ್ಲ ಒಂದು ಕಡೆ. ನಿಜವಾದ ತೊಂದರೆ ಅವ್ವನ ಕಿವಿ. ಟಿವಿ ಸೌಂಡು ನಲವತ್ತಕ್ಕೆ ಇಟ್ಟರೂ "ಏನ ಅಂದಾಳ ಆಕಿ?" ಅನ್ನುತ್ತಾಳೆ. ಆದರೆ ಮನೆಯಲ್ಲಿ ಎಲ್ಲೇ ಒಂದು ಹನಿ ಟಪಕ್ ಅನ್ನಲಿ, ಮೂರು ಕೋಣೆ ದಾಟಿ ಬರುತ್ತಾಳೆ. ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಏಳು ಸಲ ಕೇಳುತ್ತದಂತೆ. ಅವ್ವನ ಕಿವಿಯಲ್ಲಿ ಒಂದು ಹನಿ ಎಪ್ಪತ್ತು ಸಲ ಕೇಳುತ್ತಿರಬೇಕು. "ಎಲ್ಲೋ ಸೋರಾಕತ್ತದ ನೋಡ್ರೋ, ಮನ್ಯಾಗ ರೊಕ್ಕ ನಿಲ್ಲಂಗಿಲ್ಲ" ಅನ್ನುತ್ತ ಬಂದು, ಚಕ್ರ ತಿರುಗಿಸಿ ಬಂದ್ ಮಾಡಿ ಹೋಗುತ್ತಾಳೆ.

ನನಗೆ ಬೇಕಾಗಿದ್ದು ಎರಡನೇ ಹನಿ. ಮೊದಲ ಹನಿ ನೀರಿಗೆ ಬಿದ್ದಾಗ ಗುಳಿ ಬಿದ್ದು, ಸುತ್ತ ಕಿರೀಟ ಎದ್ದು, ಆಮೇಲೆ ನಡುವಿನಿಂದ ಒಂದು ಕಂಬ ಮೇಲೇಳುತ್ತದೆ. ಆ ಕಂಬದ ತಲೆಗೆ ಸರಿಯಾಗಿ ಎರಡನೇ ಹನಿ ಬಡಿದರೆ ಛತ್ರಿ ಬಿಚ್ಚಿಕೊಳ್ಳುತ್ತದೆ. ಎಲ್ಲವೂ ರೆಪ್ಪೆ ಬಡಿಯುವುದರೊಳಗೆ. ನಮ್ಮ ಮನೆಯಲ್ಲಿ ಮೊದಲ ಹನಿ ಬೀಳುತ್ತದೆ, ಎರಡನೆಯದರ ಜಾಗಕ್ಕೆ ಅವ್ವ ಬರುತ್ತಾಳೆ.

ಕತ್ತಲೆ ಮಾಡಿಕೊಂಡು ಫ್ಲ್ಯಾಶನ್ನು ಫುಲ್ ಇಟ್ಟು ಹೊಡೆದೆ. ಹನಿಗೆ ಬಾಲ ಬಂತು. ಜಾಸ್ತಿ ಬೆಳಕು ಅಂದರೆ ಜಾಸ್ತಿ ಹೊತ್ತು ಉರಿಯುವ ಬೆಳಕು ಅಂತ ಆಮೇಲೆ ತಲೆಗೆ ಹೋಯಿತು. ತೀರಾ ಕಡಿಮೆಗೆ ಇಳಿಸಿದರೆ ಅದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಹೊತ್ತು ಮಿಂಚುತ್ತದೆ. ಹನಿ ಅಲ್ಲೇ ನಿಂತುಬಿಡುತ್ತದೆ. ಹನಿ ಬೀಳುವ ಜಾಗಕ್ಕೆ ಊದಿನಕಡ್ಡಿ ಅಡ್ಡ ಇಟ್ಟು ಫೋಕಸ್ ಮಾಡಿಕೊಂಡೆ. "ನೀರಿಗೆ ಊದಿನಕಡ್ಡಿ ಯಾಕ ಹಚ್ಚಾಕತ್ತೀಯೋ ತಮ್ಮಾ?" ಚಕ್ರ ಬಂದ್.

ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಗರ್ಟನ್ ಅಂತ ಪ್ರೊಫೆಸರ್ ಇದ್ದರು. ಹಾಲಿನ ಹನಿ ಕಿರೀಟವಾಗಿ ಚಿಮ್ಮುವುದನ್ನು 1930ರ ದಶಕದಲ್ಲೇ ಹಿಡಿದವರು, ಅಷ್ಟಕ್ಕೆ ಬಿಡದೆ ತೆಗೆಯುತ್ತಲೇ ಇದ್ದು, 1957ರಲ್ಲಿ ಆ ಪ್ರಸಿದ್ಧ ಬಣ್ಣದ ಫೋಟೊ ತೆಗೆದರು. ಇಪ್ಪತ್ತು ವರ್ಷ ಹಾಲು ಚೆಲ್ಲಿದ್ದಾರೆ! ಆ ಲ್ಯಾಬಿಗೆ ಅವ್ವಂದಿರನ್ನು ಬಿಡುತ್ತಿರಲಿಲ್ಲ ಅಂತ ಕಾಣುತ್ತದೆ.

ಸಂಜೆ ಬೇರೆ ಉಪಾಯ ಮಾಡಿದೆ. ಬೀಳುವ ಹನಿ ಬೇಡ, ತೂಗುವ ಹನಿ ಸಾಕು, ಅದಕ್ಕೆ ಸಪ್ಪಳ ಇಲ್ಲ. ಪೈಪಿನ ತುದಿಯಲ್ಲಿ ಒಂದು ಹನಿ ದಪ್ಪಗಾಗುತ್ತ ನಿಂತಿತು. ತೂಗುವ ಹನಿ ಲೆನ್ಸಿನ ಹಾಗೆ, ಹಿಂದೆ ಇರುವುದನ್ನೆಲ್ಲ ತಲೆಕೆಳಗು ಮಾಡಿ ತೋರಿಸುತ್ತದೆ. ಸೀರೆ ಸರಿಸಿದ್ದೆ. ಹನಿಯೊಳಗೆ ಅಡುಗೆಮನೆಯ ಬಾಗಿಲು ಉಲ್ಟಾ ನಿಂತಿತ್ತು. ಉಸಿರು ಬಿಗಿಹಿಡಿದು ಕ್ಯಾಮೆರಾದ ಪರದೆ ನೋಡುತ್ತಿದ್ದೆ. ಬಾಗಿಲ ಮೇಲ್ಗಡೆಯಿಂದ ಎರಡು ಪುಟ್ಟ ಪಾದ ನಡೆದು ಬಂದವು. ಕೆಳಗಡೆ ಒಂದು ತಲೆ ತೂಗುತ್ತಿತ್ತು. ಕೈಯಲ್ಲಿ ಬೋರಲಾದ ತಂಬಿಗೆ, ಒಂದು ಹನಿಯೂ ಚೆಲ್ಲುತ್ತಿಲ್ಲ. ಸಾಸಿವೆ ಕಾಳಿನಷ್ಟಿದ್ದ ಅವ್ವ ಕಡಲೆಯಷ್ಟಾದಳು, ಹನಿ ತುಂಬ ಅವ್ವನೇ ಆದಳು. ಬಟನ್ ಒತ್ತಿದೆ. ಮರುಕ್ಷಣ ಹನಿ ತಂಬಿಗೆಯಲ್ಲಿತ್ತು.

ಸಿಟ್ಟು ತಡೆಯಲಾಗಲಿಲ್ಲ. "ಒಂದ ಹನಿ ಹೋದರ ಏನಾಗತದವ್ವ?" ಅಂದೆ.

ಅವ್ವ ಕುರ್ಚಿ ಎಳೆದುಕೊಂಡು ಕೂತಳು. ಎಪ್ಪತ್ತೆರಡರ ಬರದಾಗ ಅವಳಿಗೆ ಹನ್ನೆರಡು ವರ್ಷ. ರಾತ್ರಿ ಅಕ್ಕನ ಜೊತೆ ಕೊಡ ಹಿಡಿದು ಬಾವಿಗೆ ಪಾಳಿ ಹಚ್ಚುತ್ತಿದ್ದಳಂತೆ. ಸೆಲೆ ಒಸರಿ ಒಂದು ಕೊಡ ಆಗುವುದರಲ್ಲಿ ಅಕ್ಕನ ತೊಡೆಯ ಮೇಲೆ ಒಂದು ನಿದ್ದೆ ಆಗುತ್ತಿತ್ತಂತೆ. "ಆ ಸಪ್ಪಳ ನಿಂತರ ಎಚ್ಚರ ಆಗತಿತ್ತು ನಮಗ" ಅಂದಳು. ಅವಳ ಅಕ್ಕ ಈಗಿಲ್ಲ. ನಾನು ಸುಮ್ನೆ ಸ್ಟ್ಯಾಂಡಿನ ಕಾಲು ಬಿಗಿಮಾಡುತ್ತ ಕೂತೆ.

ರಾತ್ರಿ ಎರಡಕ್ಕೆ ಓಣಿಯಲ್ಲಿ ಕೂಗು: "ನಳಾ ಬಂತು!" ನಮ್ಮಲ್ಲಿ ಅದು ದಿನಾ ಬರುವಂಥದ್ದಲ್ಲ, ಗೊತ್ತಲ್ವಾ? ಕೊಡ, ಬಕೆಟ್, ಕುಕ್ಕರ್, ನನ್ನ ಪರಾತ, ಎಲ್ಲವೂ ಅಂಗಳಕ್ಕೆ ಹೋದವು.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿಯಲ್ಲಿ ಸಲಾಯಿನ್ ಬಾಟ್ಲಿಯೂ ತುಂಬಿ ತುಳುಕುತ್ತಿತ್ತು. ಮೇಲೆ ಒಂದು ತಾಟು ಮುಚ್ಚಿತ್ತು. ಚಕ್ರ ಎಷ್ಟು ಬಿಗಿ ಮಾಡಿದ್ದಾಳೆಂದರೆ, ಇನ್ನೂ ತಿರುಗಿಸಲು ಆಗಿಲ್ಲ.