ಉಕ್ಕಿನ ಪಾತ್ರೆಯಲ್ಲಿ ಹಾಲು ಉಕ್ಕಲಿಲ್ಲ

ಮೊನ್ನೆ ಹಾಸನದ ಒಂದು ಹೊಸ ಬಡಾವಣೆಯಲ್ಲಿ ಗೃಹಪ್ರವೇಶಕ್ಕೆ ಹೋಗಿದ್ದೆ. ಪುರೋಹಿತರು ಹೋಮ ಎಲ್ಲ ಮುಗಿಸಿ, ಈಗ ಹಾಲು ಉಕ್ಕಿಸಿ ಅಂದರು. ಒಲೆ ಮೇಲೆ ಕನ್ನಡಿಯಂಥ ಪಾತ್ರೆ, ಸುತ್ತ ಮೊಬೈಲ್ ಎತ್ತಿ ಹಿಡಿದ ಬಂಧುಬಳಗ. ಹಾಲು ಏರಿತು, ಇನ್ನೂ ಏರಿತು, ಅಂಚಿಗೆ ಬಂದು ಇನ್ನೇನು ಇಣುಕಬೇಕು ಅನ್ನುವಷ್ಟರಲ್ಲಿ ಮನೆ ಯಜಮಾನರು ಟಕ್ ಅಂತ ಗ್ಯಾಸ್ ಆರಿಸಿಬಿಟ್ಟರು. ಪುರೋಹಿತರು ಕಣ್ಣುಕಣ್ಣು ಬಿಟ್ಟರು. ಯಜಮಾನರು ಮೆಲ್ಲಗೆ, "ಸ್ವಾಮಿ, ಇದು ಟ್ರೈಪ್ಲೈ, ಮೂರು ಪದರದ ಪಾತ್ರೆ. ಹಾಲು ಹೊರಗೆ ಸುರಿದು ಸೀದರೆ ಪಾಲಿಶ್ ಹಾಳಾಗತ್ತೆ. ಉಕ್ಕಿತು ಅಂತ ಅಂದ್ಕೊಂಡುಬಿಡಿ" ಅಂದರು.

ಎಲ್ಲರೂ ಅಂದ್ಕೊಂಡೆವು. ಒಬ್ಬಟ್ಟಿನ ಊಟ ಇತ್ತಲ್ಲ, ತಕರಾರು ಯಾರಿಗೆ ಬೇಕು.

ಆಮೇಲೆ ಮನೆ ತೋರಿಸಿದರು. ಎರಡು ಅಡುಗೆಮನೆ. ಒಂದು ತೋರಿಸಲಿಕ್ಕೆ, ಇನ್ನೊಂದು ಅಡುಗೆ ಮಾಡಲಿಕ್ಕೆ. ತೋರಿಸುವುದರಲ್ಲಿ ದೊಡ್ಡದರಿಂದ ಚಿಕ್ಕದರವರೆಗೆ ಆರು ಸ್ಟೀಲ್ ಪಾತ್ರೆ, ಮೇಲೊಂದು ಹಳದಿ ಲೈಟು. ಹಿಂದಿನ ಅಡುಗೆಮನೆಯಲ್ಲಿ ಅಜ್ಜಿಯ ಕಾಲದ ತಳ ಕಪ್ಪಾದ ಅಲ್ಯುಮಿನಿಯಂ ಡಬರಿಯೊಂದು ಕೊತಕೊತ ಅನ್ನುತ್ತಿತ್ತು. ಊಟ ಬಂದದ್ದು ಅಲ್ಲಿಂದ.

ನಗಬೇಡಿ. ಮುಂದಿನ ವಾರ ನಾನೂ ಹೋಗಿ ಒಂದು ತಂದೆ.

ಮೊದಲೆಲ್ಲ ಪಾತ್ರೆ ತರುವುದು ಅಂದರೆ ಕಟ್ಟಿನಕೆರೆ ಮಾರುಕಟ್ಟೆ ಕಡೆ ಹೋಗುವುದು. ಅಮ್ಮ ಪಾತ್ರೆಯನ್ನು ಬೆರಳಲ್ಲಿ ಟಣ್ ಅಂತ ಬಾರಿಸಿ ನೋಡುತ್ತಿದ್ದಳು, ಕಲ್ಲಂಗಡಿ ನೋಡಿದ ಹಾಗೆ. ಆಮೇಲೆ ತಕ್ಕಡಿ. ಕೆಜಿಗೆ ಇಷ್ಟು ಅಂತ ರೇಟು, ಹಳೇ ಪಾತ್ರೆ ಕೊಟ್ಟರೆ ಅದಕ್ಕೂ ತೂಕ. ಕೊನೆಗೆ ಮೂಲೆಯಲ್ಲಿ ಕೂತ ಹುಡುಗ ಮೆಷಿನ್ನಿನಲ್ಲಿ ಗರ್ರ್ ಅಂತ ಹೆಸರು, ತಾರೀಖು ಕೊರೆದು ಕೊಡುತ್ತಿದ್ದ. ನಮ್ಮನೆಯ ಒಂದು ಲೋಟದ ಮೇಲೆ ಇನ್ನೂ ಯಾರದೋ ಮದುವೆಯ ತಾರೀಖು ಇದೆ. ಆ ಮದುವೆ ಮುರಿದು ಹತ್ತು ವರ್ಷವಾಯಿತು, ಲೋಟ ಗಟ್ಟಿಮುಟ್ಟಾಗಿದೆ.

ಈಗಿನದು ಅಂಗಡಿಯಲ್ಲ, ಶೋರೂಮು. ತಕ್ಕಡಿ ಇಲ್ಲ, ಏಸಿ ಇದೆ. ಟೈ ಕಟ್ಟಿದ ಹುಡುಗ, "ಸರ್, ಯಾವ ಗ್ರೇಡ್ ನೋಡ್ತೀರಾ?" ಅಂದ. ಪಿಯುಸಿ ಕೆಮಿಸ್ಟ್ರಿಯಲ್ಲಿ 35 ತೆಗೆದವನಿಗೆ ಕೇಳುವ ಪ್ರಶ್ನೆಯಾ ಇದು? ಅವನೇ ಕನಿಕರಪಟ್ಟು ಪಾಠ ಮಾಡಿದ. 304 ಗ್ರೇಡ್ ಅಂದರೆ ಉಕ್ಕಿನಲ್ಲಿ ನೂರಕ್ಕೆ 18ರಷ್ಟು ಕ್ರೋಮಿಯಂ, 8ರಷ್ಟು ನಿಕಲ್. ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುವುದು ಆ ಕ್ರೋಮಿಯಂ. ಆದರೆ ಸ್ಟೀಲು ಶಾಖ ಹರಿಸುವುದರಲ್ಲಿ ಮಹಾ ಸೋಮಾರಿ, ಬೆಂಕಿ ತಾಗಿದ ಕಡೆ ಸೀಯುತ್ತದೆ, ಪಕ್ಕದಲ್ಲಿ ಹಸಿಯೇ ಇರುತ್ತದೆ. ಅದಕ್ಕೇ ಮೂರು ಪದರ: ಒಳಗೆ ಸ್ಟೀಲು, ಹೊರಗೆ ಸ್ಟೀಲು, ನಡುವೆ ಶಾಖವನ್ನು ಹತ್ತು ಪಟ್ಟಿಗಿಂತ ಜಾಸ್ತಿ ಚುರುಕಾಗಿ ಹರಿಸುವ ಅಲ್ಯುಮಿನಿಯಂ.

"ಏನು, ಅಲ್ಯುಮಿನಿಯಮ್ಮಾ? ಅಲ್ಲ ಕಣಪ್ಪ, ಅಲ್ಯುಮಿನಿಯಂ ಒಳ್ಳೇದಲ್ಲ ಅಂತ ತಾನೇ ನಾವು ಇಲ್ಲಿಗೆ ಬಂದಿರೋದು?"

"ಅದು ಒಳಗಿರತ್ತೆ ಸರ್. ಕಾಣಲ್ಲ."

ಕಾಣದಿದ್ದರೆ ಆಯಿತು. ಊರಿನ ಅರ್ಧ ವ್ಯವಹಾರ ನಡೆಯುವುದೇ ಹಾಗೆ, ಪಾತ್ರೆಯದೇನು ವಿಶೇಷ. ಹಳೇ ಅಲ್ಯುಮಿನಿಯಂ ಬಾಣಲೆಯನ್ನು ಗುಜರಿಯವನಿಗೆ ಹಾಕಿ, ಅದೇ ಅಲ್ಯುಮಿನಿಯಂಗೆ ಕೋಟು ತೊಡಿಸಿದ್ದನ್ನು ಐದು ಸಾವಿರ ಕೊಟ್ಟು ಮನೆಗೆ ತಂದೆ.

ಬಾಗಿಲಲ್ಲೇ ಚಿಕ್ಕಪ್ಪ ಸಿಕ್ಕಿದರು. ಅವರ ಜೇಬಿನಲ್ಲಿ ಹಳೇ ಸ್ಪೀಕರಿನ ಮ್ಯಾಗ್ನೆಟ್ ಒಂದು ಯಾವಾಗಲೂ ಇರುತ್ತದೆ, ಸ್ಟೀಲಿನ ಅಸಲಿ ನಕಲಿ ಹಿಡಿಯುವುದಕ್ಕೆ. ಪಾತ್ರೆಯ ತಳಕ್ಕೆ ಇಟ್ಟರು, ಗಪ್ ಅಂತ ಹಿಡಿಯಿತು. "ಟೋಪಿ ಹಾಕಿದಾರೆ ಕಣೋ ನಿಂಗೆ." ಇಂಡಕ್ಷನ್ ಒಲೆ ಮೇಲೆ ಕೆಲಸ ಮಾಡಬೇಕು ಅಂತಲೇ ಹೊರ ಪದರಕ್ಕೆ ಮ್ಯಾಗ್ನೆಟ್ ಹಿಡಿಯುವ ಸ್ಟೀಲ್ ಹಾಕಿರುತ್ತಾರೆ, ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಕಡಿಮೆ ಬೆಲೆಯ ಸ್ಟೀಲಿಗೂ ಮ್ಯಾಗ್ನೆಟ್ ಹಿಡಿಯುವುದಿಲ್ಲ, ಹಾಗಾಗಿ ನಿಮ್ಮ ಪರೀಕ್ಷೆ ಎರಡೂ ಕಡೆ ಫೇಲು ಅಂತ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಸಂಜೆಯೊಳಗೆ ಇಡೀ ಬೀದಿಗೆ ನಾನು ಐದು ಸಾವಿರ ಕಳಕೊಂಡ ಸುದ್ದಿ ಹೋಗಿತ್ತು.

ಪಾತ್ರೆ ಜೊತೆ ಒಂದು ಪುಸ್ತಕ ಬಂದಿತ್ತು. ಆರು ಭಾಷೆ, ಕನ್ನಡ ಇಲ್ಲ. ತಣ್ಣೀರಿಗೆ ಉಪ್ಪು ಹಾಕಬೇಡಿ, ತಳದಲ್ಲಿ ಕೂತು ಸೂಜಿ ಚುಚ್ಚಿದ ಹಾಗೆ ಗುಳಿ ಬೀಳುತ್ತದೆ. ಬಿಸಿ ಪಾತ್ರೆಗೆ ತಣ್ಣೀರು ಬಿಡಬೇಡಿ, ತಳ ಸೊಟ್ಟಗಾಗುತ್ತದೆ. ಸ್ಟೀಲ್ ನಾರು ತಾಗಿಸಬೇಡಿ. ಮೊದಲು ಖಾಲಿ ಪಾತ್ರೆ ಕಾಯಬೇಕು, ಆಮೇಲೆ ಎಣ್ಣೆ, ಆಮೇಲೆ ಅಡುಗೆ. ನನ್ನ ಮದುವೆಯಲ್ಲಿ ಮಾವನವರು ಕೂಡ ಇಷ್ಟು ಬುದ್ಧಿವಾದ ಹೇಳಿರಲಿಲ್ಲ.

ಪಾತ್ರೆ ಕಾದಿದೆಯಾ ಅಂತ ತಿಳಿಯುವುದಕ್ಕೆ ನೀರು ಚಿಮುಕಿಸಬೇಕಂತೆ. ಚುರ್ ಅಂದು ಆವಿಯಾದರೆ ಸಾಲದು. ಹನಿ ಉಂಡೆಯಾಗಿ, ಕೆಸುವಿನೆಲೆ ಮೇಲೆ ಓಡುವ ಹಾಗೆ ಓಡಾಡಬೇಕು. ಹನಿಯ ಕೆಳಗೆ ಆವಿಯ ಪದರ ಏಳುವುದರಿಂದ ಹೀಗಾಗುತ್ತದೆ. 1756ರಲ್ಲಿ ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ ಇದನ್ನು ಬರೆದಿಟ್ಟ. ಇದನ್ನೆಲ್ಲ ನಾನು ಭಕ್ತಿಯಿಂದ ವಿವರಿಸುವಾಗ ಅಮ್ಮ ಪಕ್ಕದ ಒಲೆಯಲ್ಲಿ ದೋಸೆ ಕಾವಲಿಗೆ ನೀರು ಚಿಮುಕಿಸಿ, ಅರ್ಧ ಈರುಳ್ಳಿಯಲ್ಲಿ ಉಜ್ಜಿ, ನಾಲ್ಕನೇ ದೋಸೆ ಎತ್ತುತ್ತಿದ್ದಳು.

ನಿಜವಾದ ಯುದ್ಧ ಆದದ್ದು ಅಕ್ಕಿರೊಟ್ಟಿಯಲ್ಲಿ. ನಮ್ಮ ಕಡೆ ತಟ್ಟಿದ ರೊಟ್ಟಿ ಮಾಡುವುದು ಹೇಗೆ? ತಣ್ಣನೆಯ ಬಾಣಲೆಗೆ ಎಣ್ಣೆ ಸವರಿ, ಹಿಟ್ಟಿನ ಉಂಡೆ ಇಟ್ಟು, ಬೆರಳಲ್ಲಿ ತೆಳ್ಳಗೆ ತಟ್ಟಿ, ನಡುವೆ ತೂತು ಮಾಡಿ, ಆಮೇಲೆ ಒಲೆಗೆ ಏರಿಸುವುದು. ಪುಸ್ತಕ ಹೇಳುವುದು ಕಾದ ಪಾತ್ರೆಗೇ ಹಾಕು ಅಂತ. ಕಾದದ್ದರಲ್ಲಿ ತಟ್ಟಿದರೆ ಕೈ ಬೇಯುತ್ತದೆ, ತಣ್ಣನೆಯದರಲ್ಲಿ ತಟ್ಟಿದರೆ ರೊಟ್ಟಿ ಅಂಟುತ್ತದೆ. ನಾನು ಎರಡನ್ನೂ ಮಾಡಿದೆ. ಮೊದಲ ರೊಟ್ಟಿಗೆ ಎರಡು ಬೆರಳು ಹೋಯಿತು, ಎರಡನೆಯದು ಸ್ಟೀಲಿನ ನಾಲ್ಕನೇ ಪದರವಾಯಿತು. ಇನ್ನೊಂದು ಕಷ್ಟ ಕೇಳಿ. ಒಂದು ರೊಟ್ಟಿ ಆದ ಮೇಲೆ ಬಾಣಲೆಯನ್ನು ನಲ್ಲಿ ಕೆಳಗೆ ಬೋರಲು ಹಿಡಿದು ಆರಿಸುವುದು ನಮ್ಮ ಪದ್ಧತಿ. ಇಲ್ಲಿ ಅದು ಅಪರಾಧ. ತಾನಾಗಿಯೇ ಆರಲಿ ಅಂತ ಪಾತ್ರೆಯ ಮುಂದೆ ಕಾದು ಕೂತೆವು, ಬಾಣಂತಿ ಕೋಣೆಯ ಹೊರಗೆ ಕೂತ ಹಾಗೆ. ನಾಲ್ಕು ಜನರ ತಿಂಡಿ ಮುಗಿದಾಗ ಗಂಟೆ ಹನ್ನೊಂದೂವರೆ.

ಮಗಳು ಬೆಂಗಳೂರಿಂದ ಫೋನಿನಲ್ಲಿ ಸಮಾಧಾನ ಹೇಳಿದಳು. ತಳಕ್ಕೆ ಕಂದಾಗಿ ಅಂಟಿದ್ದನ್ನು ಬಿಸಾಡಬೇಡ ಅಪ್ಪ, ಅದಕ್ಕೆ ಫಾಂಡ್ ಅಂತಾರೆ, ಫ್ರೆಂಚ್ ಅಡುಗೆಯಲ್ಲಿ ಅದೇ ರುಚಿಯ ಮೂಲ, ಸ್ವಲ್ಪ ವೈನ್ ಸುರಿದು ಕೆರೆದರೆ ಸಾರು ರೆಡಿ. ಅಮ್ಮನಿಗೆ ಹೇಳಿದೆ. ಅಮ್ಮ ಬಗ್ಗಿ ನೋಡಿ, "ಸೀಕಲು ಅನ್ನು. ಮುದ್ದೆ ಪಾತ್ರೇದು ಕಿತ್ತುಕೊಟ್ರೆ ನೀವೆಲ್ಲ ಜಗಳ ಆಡ್ಕೊಂಡು ತಿಂತಿರಲಿಲ್ವಾ?" ಅಂದಳು. ತಳ ಹಿಡಿಸಿದ್ದಕ್ಕೆ ಅತ್ತೆಯ ಹತ್ತಿರ ಬೈಸಿಕೊಂಡ ನಮ್ಮ ಕಡೆಯ ಸೊಸೆಯರೆಲ್ಲ ಫ್ರೆಂಚ್ ಅಡುಗೆ ಮಾಡುತ್ತಿದ್ದರು ಅಂತ ಯಾರಿಗೆ ಗೊತ್ತಿತ್ತು.

ತೊಳೆಯುವ ವಿಷಯಕ್ಕೆ ಬಂದರೆ, ಕೆಲಸದ ಅಕ್ಕನಿಗೆ ಈ ಪಾತ್ರೆ ಮುಟ್ಟಬೇಡ ಅಂದುಬಿಟ್ಟೆವು. ಅವರು ಮುಗುಳ್ನಕ್ಕರು, ಯಾಕೆ ಅಂತ ಆಮೇಲೆ ತಿಳಿಯಿತು. ಮದುವೆಯಾಗಿ 26 ವರ್ಷಕ್ಕೆ ನಾನು ಪಾತ್ರೆ ತೊಳೆಯಲು ಶುರು ಮಾಡಿದೆ. ಭಾಷಣಗಳಿಂದ ಆಗದ್ದು ಗೀರು ಬೀಳುವ ಭಯದಿಂದ ಆಯಿತು ಅಂತ ನನ್ನ ಹೆಂಡತಿ ಈಗಲೂ ಖುಷಿಯಲ್ಲಿದ್ದಾಳೆ. ಬೋರ್‌ವೆಲ್ ನೀರಿನ ಸುಣ್ಣದಿಂದ ಬಿಳಿ ಕಲೆ, ಜಾಸ್ತಿ ಕಾದರೆ ಕಾಮನಬಿಲ್ಲಿನ ಬಣ್ಣ. ಇದಕ್ಕೆಲ್ಲ ಹೊರದೇಶದ ಪುಡಿ ಬರುತ್ತದೆ, ಬೆಲೆ ಕೇಳಿದರೆ ಕಲೆಯೇ ಚೆಂದ ಅನ್ನಿಸುತ್ತದೆ. ಅದರಲ್ಲಿರುವುದು ಆಕ್ಸಾಲಿಕ್ ಆಮ್ಲ, ತೋಟದ ಬದಿಯ ಹುಳಿಸೊಪ್ಪಿನಲ್ಲೂ ಇರುವಂಥದ್ದು. ನಾನು ಆನ್‌ಲೈನಿನಲ್ಲಿ ಹುಡುಕುತ್ತಾ ಇದ್ದಾಗಲೇ ಅಮ್ಮ ಸಾರಿಗೆ ಕಿವುಚಿ ಉಳಿದ ಹುಣಸೆ ಚರಟದಲ್ಲಿ ತಿಕ್ಕಿ, ಪಳಪಳ ಮಾಡಿ ಬೋರಲು ಹಾಕಿದ್ದಳು.

ಅಷ್ಟಾದ ಮೇಲೆ ಪಾತ್ರೆಯನ್ನು ಶೋಕೇಸಿಗೆ ಏರಿಸಿದೆ. ಹಾಸನಾಂಬೆ ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಬಾಗಿಲು ತೆಗೆದು, ಬಲಿಪಾಡ್ಯಮಿ ಕಳೆಯುತ್ತಲೇ ಮುಚ್ಚಿಸಿಕೊಳ್ಳುತ್ತಾಳೆ. ನಮ್ಮ ಪಾತ್ರೆ ಅದಕ್ಕಿಂತ ಮಡಿ. ನೆಂಟರು ಬಂದರೆ ಗಾಜಿನ ಆಚೆಯಿಂದ ದರ್ಶನ, ಬೀಗರು ಬಂದರೆ ವಿಶೇಷ ದರ್ಶನ, ಅವರಿಗೆ ಕೈಯಲ್ಲಿ ಎತ್ತಿ ತೂಕ ನೋಡಲು ಅವಕಾಶ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿದ್ದು ಬಂದೂಕಿನ ನಳಿಗೆ ಬೇಗ ಸವೆಯದಿರಲಿ ಅಂತ ಹುಡುಕುವಾಗ. ಒಟ್ಟಿನಲ್ಲಿ ಸವೆಯಬಾರದು, ಅಷ್ಟೇ. ನಮ್ಮದು ಸವೆಯುವ ಪ್ರಶ್ನೆಯೇ ಇಲ್ಲ.

ಹೋದ ಮಂಗಳವಾರ ಸಂತೆಯಿಂದ ಅಮ್ಮ ಬಂದಾಗ ಚೀಲ ಭಾರವಾಗಿತ್ತು. ನೋಡಿದರೆ ಸೊಪ್ಪಿನ ಕೆಳಗೆ ನಮ್ಮ ಪಾತ್ರೆ. ಹೊರಗಡೆ, ಕಂಪನಿಯ ಮುದ್ರೆಯ ಪಕ್ಕದಲ್ಲೇ, ಅಪ್ಪನ ಇನಿಶಿಯಲ್ಲು, ಅಮ್ಮನ ಹೆಸರು, ತಾರೀಖು. ಗೀರು ಬಿದ್ದರೆ ಗ್ಯಾರಂಟಿ ಇಲ್ಲ ಅಂತ ಆರು ಭಾಷೆಯಲ್ಲಿ ಬರೆದಿದ್ದಾರಲ್ಲಮ್ಮ ಅಂತ ಕೂಗಿದೆ.

"ಹಿಂದಿನ ಮನೆಯವರ ಗೃಹಪ್ರವೇಶ ನಾಳಿದ್ದು ಕಣೋ. ಹಾಲು ಉಕ್ಕಿಸಕ್ಕೆ ಪಾತ್ರೆ ಕೇಳಿದಾರೆ. ಹೆಸರು ಹಾಕಿಸ್ದೆ ಕೊಟ್ರೆ ವಾಪಸ್ ಬರತ್ತಾ?"