ಮೈನಸ್ ಆರೂಕಾಲು ಗಂಟೆಯ ನಳ

ಅಕ್ಕನ ಮಗನಿಗೆ ಈ ಸಲ ಎಸ್‌ಎಸ್‌ಎಲ್‌ಸಿ. ನಾನು ಎಂದೋ ಬಿ.ಎಸ್ಸಿ. ಮಾಡಿದ್ದೆ ಎಂಬ ಒಂದೇ ತಪ್ಪಿಗೆ ದಿನಾ ರಾತ್ರಿ ಅವನ ಎದುರು ಕೂರುವ ಶಿಕ್ಷೆ ನನಗಾಗಿದೆ. ನಮ್ಮಿಬ್ಬರ ನಡುವೆ ಒಂದು ಝೆರಾಕ್ಸ್ ಕಟ್ಟು. ಅದರ ಹೆಸರು 'ಪಾಸಿಂಗ್ ಪ್ಯಾಕೇಜ್'. ಪುಸ್ತಕ ಎಲ್ಲಿ ಅಂತ ಕೇಳಿದೆ. "ಅದು ರ‍್ಯಾಂಕ್ ಬರೋರಿಗೆ ಮಾಮಾ" ಅಂದ.

ಮೊದಲು ವಿಜ್ಞಾನ. ಮೆಗ್ನೀಸಿಯಂ ಪಟ್ಟಿಯನ್ನು ಉರಿಸುವ ಮುಂಚೆ ಮರಳು ಕಾಗದದಿಂದ ಯಾಕೆ ಉಜ್ಜಬೇಕು? ಹುಡುಗ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಮೇಲಿನ ಪದರ ಹೋಗಲಿ ಅಂತ. ಉರಿದರೆ ಕಣ್ಣು ಕೋರೈಸುವ ಬಿಳಿ ಜ್ವಾಲೆ, ಉಳಿಯುವುದು ಬಿಳಿ ಪುಡಿ. ಭೇಷ್! "ಮೆಗ್ನೀಸಿಯಂ ನೋಡೀಯೇನು? ಹೆಂಗಿರ್ತೈತಿ?" ಅಂದೆ. ಅವನು ತುಸು ಯೋಚಿಸಿ ಹೇಳಿದ: "ಎರಡು ಮಾರ್ಕ್ಸಿಂದು."

ಆಮೇಲೆ ಗಣಿತ. ನಮ್ಮೂರಿನ ಅಭಿಮಾನ ಇರಲಿ ಅಂತ ನಾನೇ ಒಂದು ಲೆಕ್ಕ ಕಟ್ಟಿದೆ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್, 2023ರಲ್ಲಿ ಜಗತ್ತಿಗೇ ಉದ್ದದ್ದು ಅಂತ ಉದ್ಘಾಟನೆಯಾಯಿತು. 493 ಮೀಟರಿನ ರೈಲು ಗಂಟೆಗೆ 72 ಕಿ.ಮೀ. ವೇಗದಲ್ಲಿ ಅದನ್ನು ದಾಟಲು ಎಷ್ಟು ಹೊತ್ತು? ನೂರು ಸೆಕೆಂಡ್, ಸರಿಯಾಗಿ ಹೇಳಿದ. ಹೇಳಿ, "ಆದ್ರ ಹುಬ್ಬಳ್ಳ್ಯಾಗ ನಿಲ್ಲದ ರೈಲು ಯಾವುದೈತಿ?" ಅಂತ ನನ್ನನ್ನೇ ಕೇಳಿದ. ಪ್ಯಾಕೇಜಿನಲ್ಲಿ ಈ ಪ್ರಶ್ನೆ ಇಲ್ಲ ಅಂದೆ.

ಕೊನೆಗೆ ಬಂತು ನೋಡಿ ನಳದ ಲೆಕ್ಕ. ಎರಡು ನಳ ಸೇರಿ ಒಂದು ತೊಟ್ಟಿಯನ್ನು 9⅜ ಗಂಟೆಯಲ್ಲಿ ತುಂಬುತ್ತವೆ. ದೊಡ್ಡ ನಳಕ್ಕೆ ಚಿಕ್ಕದಕ್ಕಿಂತ 10 ಗಂಟೆ ಕಡಿಮೆ ಸಾಕು. ಒಂದೊಂದಕ್ಕೂ ಎಷ್ಟು ಸಮಯ? ವರ್ಗ ಸಮೀಕರಣ ಬಿಡಿಸಿದರೆ ದೊಡ್ಡ ನಳಕ್ಕೆ ಎರಡು ಉತ್ತರ: 15 ಮತ್ತು ಮೈನಸ್ 6.25. ಸಮಯ ಮೈನಸ್ ಆಗುವುದಿಲ್ಲ, ಎರಡನೆಯದನ್ನು ಬಿಟ್ಟುಬಿಡು ಅಂದೆ.

"ಯಾಕ ಬಿಡಬೇಕು? ನಮ್ಮ ಓಣ್ಯಾಗ ಅದ ಖರೆ."

ಹುಡುಗನ ಮಾತಿನಲ್ಲಿ ಅರ್ಥ ಇತ್ತು. ಹುಬ್ಬಳ್ಳಿಯವರು ನೀರು ಬಂತು ಅನ್ನುವುದಿಲ್ಲ, ನಳ ಬಂತು ಅನ್ನುತ್ತೇವೆ. ಅತಿಥಿ ಬಂದ ಹಾಗೆ. 2008ರಲ್ಲೇ ಊರಿನ ಕೆಲವು ವಾರ್ಡುಗಳಿಗೆ 24 ಗಂಟೆ ನೀರು ಶುರುವಾಯಿತು. ನಮ್ಮ ಓಣಿಗೆ ಅತಿಥಿ ವಾರಕ್ಕೊಮ್ಮೆ, ಅದೂ ಮೂಡು ಇದ್ದರೆ. ಹಾಗಾಗಿ ನಳ ಬರುವ ಆರೂಕಾಲು ಗಂಟೆ ಮುಂಚೆಯೇ ಟ್ಯಾಂಕರಿನವನು ಬಂದು ತೊಟ್ಟಿ ತುಂಬಿಸಿ ದುಡ್ಡು ಎಣಿಸಿಕೊಂಡು ಹೋಗಿರುತ್ತಾನೆ. ಮೈನಸ್ ಸಮಯ ಅಂದರೆ ಇದೇ ಅಲ್ವಾ? ಆದರೂ "15 ಅಂತನ ಬರಿ" ಅಂದೆ. ಕೀ ಆನ್ಸರ್‌ನಲ್ಲಿ ಅದೇ ಇದೆ.

ಅರ್ಥಶಾಸ್ತ್ರಕ್ಕೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಬೆಲೆ ಇಳಿದರೆ ಗಿರಾಕಿ ಹೆಚ್ಚುತ್ತಾರೆ, ಉದಾಹರಣೆ ಕೊಡಿ. ಉಳ್ಳಾಗಡ್ಡಿ, ಮೆಣಸಿನಕಾಯಿ ಯಾಕೆ? 2024ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ನೆಲ ಕಚ್ಚುತ್ತಿದ್ದಾಗ ಗ್ರೇಸ್ ಮಾರ್ಕ್ಸನ್ನು ಶೇ. 20ಕ್ಕೆ ಏರಿಸಿದರು, ಅದಕ್ಕೆ ಬೇಕಾದ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿದರು. ಶೇ. 73.40 ಮಂದಿ ಪಾಸಾದರು. ಮುಂದೆ ಗ್ರೇಸ್ ಹೋಯಿತು, ಮರುವರ್ಷ ಪಾಸಾದವರು ಶೇ. 62ರ ಆಸುಪಾಸಿಗೆ ಇಳಿದರು. ಈಗ ಪಾಸಿಗೆ 35 ಬೇಡ, 33 ಸಾಕು ಅಂತಾಗಿದೆ. 625ಕ್ಕೆ 206. ದೀಪಾವಳಿಯಲ್ಲಿ ಸೀರೆ ಅಂಗಡಿಯವರೂ ಇಷ್ಟು ಚೆನ್ನಾಗಿ ರಿಯಾಯಿತಿ ಹಾಕುವುದಿಲ್ಲ.

ಅಷ್ಟರಲ್ಲಿ ಒಳಗಿಂದ ಅಕ್ಕ ಕೂಗಿದಳು: "ನಳ ಬಂತೋ!"

ರಾತ್ರಿ ಹನ್ನೊಂದೂವರೆ. ಪ್ಯಾಕೇಜು, ಪೆನ್ನು ಎಲ್ಲಾ ಬಿಟ್ಟು ಓಡಿದ. ಕೊಡ ಹಿಡಿದ, ಪೈಪ್ ಸಿಕ್ಕಿಸಿದ, ಮೋಟರ್ ಹಾಕಿದ. ನಲವತ್ತು ನಿಮಿಷಕ್ಕೆ ಪೈಪು ಗೊರಗೊರ ಅಂದು ಗಾಳಿ ಬಿಟ್ಟು ಸುಮ್ಮನಾಯಿತು. ಹುಡುಗ ತೊಟ್ಟಿಯೊಳಗೆ ಮೊಬೈಲ್ ಬೆಳಕು ಬಿಟ್ಟು ಇಣುಕಿದ.

"ಅರ್ಧಾ ತುಂಬೈತಿ ಮಾಮಾ. ಸ್ಟೆಪ್ ಮಾರ್ಕ್ಸ್ ಕೊಡ್ತಾರಲ್ಲಾ?"